ಅಸ್ತು ದೇವತೆಗಳಿಲ್ಲದ ಊರಿನಲ್ಲಿ

ಅರೆಕೆರೆ

ವಿದೇಶಕ್ಕೆ ಹೋಗಬೇಕೆಂದು ಜನ ಹರಕೆ ಹೊರುತ್ತಾರೆ. ನಾನು ಹೋದದ್ದು ಬಾಯಿ ಸುಮ್ಮನಿಟ್ಟುಕೊಳ್ಳಲಾರದೆ.

ನಮ್ಮದು ಅರೆಕೆರೆಯಲ್ಲಿ ಗಂಡುಹುಡುಗರ ಪಿಜಿ. ಮಾವನವರು ಅವರೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ನಿಂತಿದೆ. ಎಲ್ಲ ಮಹಡಿಯಲ್ಲೂ ಒದ್ದೆ ಟವೆಲ್ಲಿನ ಬೆಳೆ. ಬಾಡಿಗೆ ವಸೂಲಿ ಯಜಮಾನರದು, ಮಿಕ್ಕಿದ್ದೆಲ್ಲ ನನ್ನದು. ಹುಡುಗರು ನನ್ನನ್ನು ಆಂಟಿ ಎನ್ನುತ್ತಾರೆ. ಗೀಸರ್ ಆಫ್ ಮಾಡಿದ ಮೇಲೆ ಏನೆನ್ನುತ್ತಾರೋ ಕೇಳಿಸಿಕೊಂಡಿಲ್ಲ.

ಕೆಲವು ವರ್ಷಗಳ ಹಿಂದೆ ಹಿಂದಿನ ಬೀದಿಯ ಪಿಜಿಯೊಂದರಲ್ಲಿ ಒಬ್ಬ ಹುಡುಗ ತನ್ನ ಜೀವ ತಾನೇ ಕಳೆದುಕೊಂಡ. ಆ ಪಿಜಿಯ ಓನರು ಗಣಹೋಮ ಮಾಡಿಸಿದರು, ಬಣ್ಣ ಹೊಡೆಸಿದರು, ಬೋರ್ಡಿನಲ್ಲಿ ಹೆಸರಿನ ಮುಂದೆ 'ನ್ಯೂ' ಎಂದು ಸೇರಿಸಿದರು. ಮಿಕ್ಕ ಪಿಜಿಯವರು ಸದ್ಯ ನಮ್ಮಲ್ಲಿ ಆಗಲಿಲ್ಲವಲ್ಲ ಎಂದುಕೊಂಡೆವು. ಬೀದಿಯ ಕಡೆಯಿಂದ ಕೈಗೊಂಡ ಕ್ರಮ ಅಷ್ಟೇ.

ಆಗ ಬಂದವರು ಡಾಕ್ಟರ್ ವಸುಧಾ. ಜಯನಗರದಲ್ಲಿ ಮನೋವೈದ್ಯೆ. ಹದಿಹರೆಯದವರ, ಇಪ್ಪತ್ತರ ಆಸುಪಾಸಿನವರ ಮನಸ್ಸಿನ ಕಷ್ಟ ಮತ್ತು ಆತ್ಮಹತ್ಯೆ ತಡೆಯುವ ಬಗೆ ಅವರ ಸಂಶೋಧನೆ. ಹುಡುಗರು ಡಾಕ್ಟರ ಹತ್ತಿರ ಬರುವಷ್ಟರಲ್ಲಿ ತಡವಾಗಿರುತ್ತದೆ, ಅದಕ್ಕೆ ಮೊದಲು ಅವರನ್ನು ದಿನಾ ನೋಡುವವರು ಯಾರು ಎಂದು ಹುಡುಕುತ್ತಾ ಹೊರಟು, ಪಿಜಿ ಓನರುಗಳು, ಮೆಸ್ಸಿನವರು, ಟ್ಯೂಷನ್ ಮೇಷ್ಟ್ರುಗಳು ಎಂಬ ನಮ್ಮ ಗುಂಪಿಗೆ ಬಂದು ಮುಟ್ಟಿದ್ದರು. ಜೆ.ಪಿ. ನಗರದ ಒಂದು ಛತ್ರದ ಊಟದ ಹಾಲಿನಲ್ಲಿ ನಮಗೆ ತರಬೇತಿ. ಕಲಿಯಬೇಕಾದದ್ದು ಇಷ್ಟು: ಹುಡುಗನಲ್ಲಿ ಬದಲಾವಣೆ ಕಂಡರೆ ಗಮನಿಸಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಹೌದೆಂದರೆ ಒಬ್ಬನನ್ನೇ ಬಿಡಬೇಡಿ, ಬಲ್ಲವರ ಹತ್ತಿರ ಕರೆತನ್ನಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಎಂದು ಹೆದರಬೇಡಿ, ಕೇಳಿದರೆ ಭಾರ ಇಳಿಯುತ್ತದೆ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದರು.

ಗಮನಿಸುವುದರಲ್ಲಿ ನಾವು ಪಂಡಿತರು. ಒಬ್ಬನನ್ನೇ ಬಿಡದಿರುವುದೂ ಬರುತ್ತದೆ, ಅದು ನಮ್ಮ ಸ್ವಭಾವ. ಕೇಳುವಲ್ಲಿ ಸಿಕ್ಕಿಬಿದ್ದೆವು. ನಮ್ಮ ಮನೆಗಳಲ್ಲಿ ಸಾವಿನ ಮಾತು ಎತ್ತುವ ಹಾಗಿಲ್ಲ. ಯಾರಾದರೂ ಬಾಯಿತಪ್ಪಿ ಅಂದರೆ ಪಕ್ಕದವರು 'ಬಿಡ್ತು ಅನ್ನು' ಎಂದು ಗದರುತ್ತಾರೆ. ಅಂದವರು 'ಬಿಡ್ತು' ಎಂದು ಆ ಮಾತನ್ನು ಅಲ್ಲೇ ರದ್ದು ಮಾಡಬೇಕು. ಮೇಲೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ. ಕೆಳಗಿನವರು ಏನೇ ಅಂದರೂ 'ಅಸ್ತು' ಎನ್ನುವುದು ಅವರ ಕೆಲಸ. ಯೋಚನೆ ಮಾಡುವುದು ಅವರ ಇಲಾಖೆಗೆ ಬರುವುದಿಲ್ಲ.

ಅಭ್ಯಾಸಕ್ಕೆಂದು ಡಾಕ್ಟರ ಶಿಷ್ಯನೊಬ್ಬ ಬೇಸರದ ಹುಡುಗನ ವೇಷದಲ್ಲಿ ಕುರ್ಚಿ ಮೇಲೆ ಕೂತ. ಮೆಸ್ಸಿನ ರಾಮಣ್ಣ ಎದುರು ಕೂತು, ಬೆವರು ಒರೆಸಿಕೊಂಡು, "ಏನಪ್ಪಾ, ಸಾಯ್ಬೇಕು ಗೀಯ್ಬೇಕು ಅಂತ ಏನಾದ್ರೂ... ಬಿಡ್ತು ಅನ್ನಪ್ಪ ಮೊದ್ಲು," ಎಂದರು. ವೇಷದ ಹುಡುಗ ಅಭ್ಯಾಸಬಲದಿಂದ "ಬಿಡ್ತು" ಎಂದ. ರಾಮಣ್ಣ ನಿರಾಳವಾಗಿ ಎದ್ದು ಬಂದರು. ಅವರ ಮಟ್ಟಿಗೆ ಹುಡುಗ ಗುಣವಾಗಿದ್ದ.

ಆಮೇಲೆ ನಾವೆಲ್ಲ ಒಂದು ದಾರಿ ಕಂಡುಕೊಂಡೆವು. ಯಾರೂ ಯಾರಿಗೂ ಹೇಳಿಕೊಡದೆ ಎಲ್ಲರೂ ಇಂಗ್ಲಿಷಿನಲ್ಲಿ ಕೇಳತೊಡಗಿದೆವು. "ಆರ್ ಯು ಥಿಂಕಿಂಗ್ ಆಫ್ ಸೂಯಿಸೈಡ್?" ವೆಜ್ಜೋ ನಾನ್‌ವೆಜ್ಜೋ ಎಂದು ಕೇಳುವಷ್ಟು ಸರಾಗ. "ನೋ ಆಂಟಿ" ಎಂಬ ಉತ್ತರವೂ ಅಷ್ಟೇ ಸರಾಗವಾಗಿ ಬರುತ್ತಿತ್ತು.

"ಊಟ ಆಯ್ತಾ ಅಂತ ಕನ್ನಡದಲ್ಲಿ ಕೇಳ್ತೀರ. ಇದನ್ನ ಮಾತ್ರ ಯಾಕೆ ಇಂಗ್ಲಿಷಲ್ಲಿ?" ಎಂದು ಡಾಕ್ಟರು ಕೇಳಿದರು. ಎಲ್ಲರೂ ಫ್ಯಾನು ನೋಡಿದರು. ನಾನೂ ನೋಡಿಕೊಂಡು ಸುಮ್ಮನಿರಬಹುದಿತ್ತು.

"ಅಸ್ತು ದೇವತೆಗಳಿಗೆ ಇಂಗ್ಲಿಷ್ ಬರಲ್ವಲ್ಲ ಡಾಕ್ಟ್ರೇ," ಎಂದೆ.

ಹಾಲ್ ಪೂರ್ತಿ ನಕ್ಕಿತು. ಡಾಕ್ಟರು ನಗಲಿಲ್ಲ, ಬರೆದುಕೊಂಡರು. ಮನೆ ಭಾಷೆಯಲ್ಲಿ ಕೇಳಿದರೆ ಒಂದು ಉತ್ತರ, ಇಂಗ್ಲಿಷಿನಲ್ಲಿ ಕೇಳಿದರೆ ಇನ್ನೊಂದು ಉತ್ತರ ಬರುತ್ತದೆಯೇ ಎಂದು ಅವರ ಸಂಶೋಧನೆಗೆ ಅಂದಿನಿಂದ ಹೊಸ ಕವಲು ಒಡೆಯಿತು. ಐರ್ಲೆಂಡಿನ ಕಾರ್ಕ್ ಎಂಬ ಊರಿನಲ್ಲಿ ಒಂದು ಸಮ್ಮೇಳನಕ್ಕೆ ಅವರಿಗೆ ಕರೆ ಬಂದಾಗ, "ಭಾಗ್ಯಮ್ಮ, ಆ ಮಾತನ್ನ ನೀವೇ ಬಂದು ಹೇಳಿ. ಹತ್ತೇ ನಿಮಿಷ," ಎಂದರು. ಯಜಮಾನರು "ಹತ್ತು ನಿಮಿಷಕ್ಕೆ ಅಷ್ಟು ದೂರನಾ?" ಎಂದರು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ದಿನಾ ಹೋಗಿಬರುವವರು ಆ ಪ್ರಶ್ನೆ ಕೇಳಬಾರದು.

ಹೊರಡುವ ಹಿಂದಿನ ದಿನ ತಿಪಟೂರಿನಿಂದ ಗಿರಿಜಾ ಎಂಬ ಶಾಲಾ ಟೀಚರು ಬಂದರು. ಅವರ ಮಗ ಸುಮಂತ್ ನಮ್ಮ ಪಿಜಿಯಲ್ಲಿ ಎರಡು ವರ್ಷ ಇದ್ದವನು, ಈಗ ಅದೇ ಕಾರ್ಕಿನಲ್ಲಿ ಆಹಾರ ವಿಜ್ಞಾನದ ಎಂಎಸ್ ಓದುತ್ತಿದ್ದ. "ಸ್ವಲ್ಪ ಚಟ್ನಿಪುಡಿ ಕೊಡ್ತೀರಾ ಮೇಡಂ ಅವನಿಗೆ?" ಎಂದು ಅರ್ಧ ಕಿರಾಣಿ ಅಂಗಡಿ ನನ್ನ ಕೈಗಿಟ್ಟರು. ನನ್ನ ಸೀರೆಗಳು ಮನೆಯಲ್ಲಿ ಉಳಿದವು.

ನೋರಾ ಮನೆ

ಡಬ್ಲಿನ್ನಿನಿಂದ ಬಸ್ಸಿನಲ್ಲಿ ಕಾರ್ಕಿಗೆ ಬಂದು ಇಳಿದಾಗ ಸುಮಂತ್ ಕೊಡೆ ಹಿಡಿದು ನಿಂತಿದ್ದ. ಸ್ವಲ್ಪ ಇಳಿದುಹೋಗಿದ್ದ. ಚಳಿದೇಶ, ಸ್ವಂತ ಅಡುಗೆ, ಇಳಿಯುತ್ತಾರೆ ಎಂದುಕೊಂಡೆ. ಸೂಟ್‌ಕೇಸುಗಳನ್ನು ಕಿತ್ತುಕೊಂಡು, ಏರು ರಸ್ತೆಯಲ್ಲಿ ನಮ್ಮನ್ನು ನೋರಾ ಎಂಬಾಕೆಯ ಮನೆಗೆ ಕರೆದೊಯ್ದ.

ನೋರಾ ಎಪ್ಪತ್ತು ದಾಟಿದ ವಿಧವೆ. ಮನೆಯಲ್ಲಿ ಮೂರು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾಳೆ, ಬೆಳಿಗ್ಗೆ ತಿಂಡಿ ಹಾಕುತ್ತಾಳೆ. ಅಂದರೆ ಪಿಜಿ. ವಿದೇಶದಲ್ಲಿ ನಾನು ಕಂಡ ಮೊದಲ ಮನುಷ್ಯಳೇ ನನ್ನ ಜಾತಿಯವಳು. ಬಾತ್‌ರೂಮಿನ ಬಾಗಿಲಿಗೆ ಅವಳು ಅಂಟಿಸಿದ್ದ ಸೂಚನೆ ಓದಿ ನನಗೆ ಕಣ್ಣು ತುಂಬಿ ಬಂತು: ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ, ಸ್ವಿಚ್ಚನ್ನು ಮುಟ್ಟುವಂತಿಲ್ಲ. ಆ ಊರಿನಲ್ಲಿ ಗೀಸರಿನಂಥದ್ದಕ್ಕೆ 'ಇಮ್ಮರ್ಶನ್' ಎನ್ನುತ್ತಾರೆ. ಅದನ್ನು ಆಫ್ ಮಾಡದೆ ಹೊರಗೆ ಹೋಗುವುದು ಐರಿಷ್ ಜನರಲ್ಲಿ ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ.

ಇನ್ನೊಂದು ವಿಷಯದಲ್ಲೂ ಅವರು ನಮ್ಮವರೇ. ಟೀ ಬೇಕೇ ಎಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ, ನಿಮ್ಮ ಬಲವಂತಕ್ಕೆ ಅರ್ಧ ಲೋಟ ಎನ್ನಬೇಕು, ಪೂರ್ತಿ ಬರುತ್ತದೆ. ಡಾಕ್ಟರು ಜಯನಗರದವರಾದ್ದರಿಂದ ಮೊದಲ ಸಲಕ್ಕೇ "ಯೆಸ್ ಪ್ಲೀಸ್" ಎಂದುಬಿಟ್ಟರು. ನೋರಾ ಒಂದು ಕ್ಷಣ ಗಲಿಬಿಲಿಗೊಂಡಳು. ನಾನು ಎರಡು ಸಲ ನಿರಾಕರಿಸಿ ಮನೆತನದ ಮರ್ಯಾದೆ ಉಳಿಸಿದೆ.

ಬೆಳಿಗ್ಗೆ ತಿಂಡಿಗೆ ಕೂತಾಗ ರೇಡಿಯೋ ಹಾಡು ನಿಲ್ಲಿಸಿ, ಮೆಲುದನಿಯಲ್ಲಿ ಏನೋ ಓದತೊಡಗಿತು. ನೋರಾ ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿದಳು. ನಾನು ಹವಾಮಾನ ಎಂದುಕೊಂಡೆ.

"ಅಲ್ಲ ಆಂಟಿ," ಸುಮಂತ್ ಪಿಸುಗುಟ್ಟಿದ. ಅವನು ದಿನಾ ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಬರುತ್ತಿದ್ದ. "ಜಿಲ್ಲೇಲಿ ಯಾರ್ಯಾರು ಸತ್ತೋದ್ರು ಅಂತ ಓದ್ತಿದಾರೆ. ದಿನಾ ಓದ್ತಾರೆ."

ಬೆಣ್ಣೆ ಸವರುತ್ತಿದ್ದ ನನ್ನ ಕೈ ನಿಂತಿತು. ಬೆಳ್ಳಂಬೆಳಗ್ಗೆ, ಅನ್ನದ ಮುಂದೆ, ಸತ್ತವರ ಹೆಸರು, ಊರು, ಯಾವ ಇಗರ್ಜಿ, ಎಷ್ಟು ಹೊತ್ತಿಗೆ! ನೋರಾ ಮುಖದಲ್ಲಿ ಮಾತ್ರ ಲಗ್ನಪತ್ರಿಕೆ ಓದುವವರ ಆಸಕ್ತಿ. ಒಂದು ಹೆಸರು ಬಂದಾಗ, "ಅಯ್ಯೋ, ಮೈಕಲ್! ಇವತ್ತೇ ಹೋಗಿಬರಬೇಕು," ಎಂದಳು. ನಮ್ಮ ಕಡೆ ತಿರುಗಿ, "ನೀವೂ ಬನ್ನಿ, ಪುಣ್ಯಾತ್ಮನ ಮನೆ ನಡೆಯುವಷ್ಟು ದೂರ. ಸ್ಯಾಂಡ್‌ವಿಚ್ ಇರುತ್ತೆ," ಎಂದಳು.

ನಾನು ಎರಡು ಸಲ ಬೇಡ ಎಂದೆ. ಆ ಊರಿನಲ್ಲಿ ಅದರ ಅರ್ಥ ಬರುತ್ತೇನೆ ಎಂದು.

ಸತ್ತವರ ಮನೆ

ಮೈಕಲ್ ನಡುಮನೆಯಲ್ಲಿ, ತೆರೆದ ಪೆಟ್ಟಿಗೆಯಲ್ಲಿ, ಸೂಟು ಹಾಕಿಕೊಂಡು ಮಲಗಿದ್ದರು. ಸುತ್ತ ಜನ ಟೀ ಕುಡಿಯುತ್ತಿದ್ದರು. ಅವರು ಬದುಕಿದ್ದಾಗ ಪಕ್ಕದ ಮನೆಯವರ ಕುರಿಗೆ ಬಣ್ಣ ಬಳಿದು ತನ್ನದೆಂದು ವಾದಿಸಿದ್ದ ಕತೆಯನ್ನು ಅವರ ಮುಂದೆಯೇ ಹೇಳಿ ನಗುತ್ತಿದ್ದರು. ಸಣ್ಣ ಮಕ್ಕಳು ಪೆಟ್ಟಿಗೆಯ ಪಕ್ಕದಲ್ಲೇ ಕೇಕ್ ತಿನ್ನುತ್ತಿದ್ದವು. ಎಲ್ಲರೂ ಸಾಲಾಗಿ ಹೋಗಿ ಮನೆಯವರ ಕೈಕುಲುಕುವುದು ಪದ್ಧತಿ. ನಾನೂ ಕುಲುಕಿದೆ. "ನಿಮಗೆ ಅವರು ಹೇಗೆ ಪರಿಚಯ?" ಎಂದು ಮಗಳು ಕೇಳಿದಳು. "ರೇಡಿಯೋದಲ್ಲಿ," ಎಂದೆ. ಅವಳಿಗೆ ಅದು ತೀರಾ ಸಹಜವಾಗಿ ಕಂಡಿತು.

ಸಾವಿನ ಮಾತನ್ನು ಇವರು ಹಪ್ಪಳದ ಹಾಗೆ ಮುರಿದು ಹಂಚಿಕೊಂಡು ತಿನ್ನುತ್ತಾರೆ. ಈ ಊರಿನ ಮೇಲೆ ಅಸ್ತು ದೇವತೆಗಳು ಹಾರುವುದಿಲ್ಲ, ಅಥವಾ ಮಳೆಗೆ ಹೆದರಿ ಬರುವುದನ್ನು ಬಿಟ್ಟಿದ್ದಾರೆ ಎಂದುಕೊಂಡೆ. ಇಂಥ ಊರಿನಲ್ಲೂ ಹುಡುಗರು ಜೀವ ಕಳೆದುಕೊಳ್ಳುತ್ತಾರಂತೆ. ಸಮ್ಮೇಳನ ನಡೆಯುತ್ತಿದ್ದುದೇ ಅದಕ್ಕೆ. ಡಾಕ್ಟರನ್ನು ಕೇಳಿದರೆ, "ಸತ್ತ ಮೇಲೆ ಮಾತಾಡೋದು ಸುಲಭ ಭಾಗ್ಯಮ್ಮ," ಎಂದರು.

ಸತ್ತವರ ಮನೆಗೆ ಹೋದಮೇಲೆ ತಲೆಗೆ ಸ್ನಾನ ಮಾಡದೆ ಒಳಗೆ ಕಾಲಿಡುವುದು ನನ್ನಿಂದಾಗದ ಕೆಲಸ. ನೋರಾ ಮನೆಗೆ ಬಂದಾಗ ಮಧ್ಯಾಹ್ನ. ಇಮ್ಮರ್ಶನ್ ಆಫ್. ಇನ್ನೊಬ್ಬ ಪಿಜಿಯವಳ ಸ್ವಿಚ್ಚನ್ನು ಮುಟ್ಟುವಷ್ಟು ನೀಚಳು ನಾನಲ್ಲ. ಕಾರ್ಕಿನ ತಣ್ಣೀರನ್ನು ತಲೆ ಮೇಲೆ ಹೊಯ್ದುಕೊಂಡೆ. ಎರಡನೇ ಮಗ್ಗಿಗೆ ನಾನು ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ.

ಸುಮಂತ್ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, ನಕ್ಕದ್ದು ತಪ್ಪಾಯಿತೇನೋ ಎನ್ನುವಂತೆ ತಟ್ಟನೆ ನಿಲ್ಲಿಸಿದ. ಅದು ನನಗೆ ಸರಿಕಾಣಲಿಲ್ಲ.

ಮಾರುಕಟ್ಟೆ

ಮಾರನೆಯ ದಿನ ನನಗೆ ನೆಗಡಿ, ಮೈಕೈ ನೋವು. ಡಾಕ್ಟರು ಸಮ್ಮೇಳನಕ್ಕೆ ಹೋದರು. ನನ್ನ ಹತ್ತು ನಿಮಿಷ ಅದರ ಮಾರನೆಯ ಬೆಳಿಗ್ಗೆ. ಸುಮಂತ್ ನನ್ನನ್ನು ಅಲ್ಲಿನ ಹಳೆಯ ಮಾರುಕಟ್ಟೆಗೆ ಕರೆದುಕೊಂಡು ಹೋದ. ಬನಶಂಕರಿ ಮಾರುಕಟ್ಟೆಯಲ್ಲಿ ಸೊಪ್ಪಿನವಳು ಕೂಗುವಂತೆ ಅಲ್ಲಿ ಮೀನಿನವನು ಕೂಗಲಿಲ್ಲ. ಕೂಗದೆ ಹೇಗೆ ವ್ಯಾಪಾರವಾಗುತ್ತದೋ ನನಗೆ ತಿಳಿಯಲಿಲ್ಲ. ನಾನು ನಡುಗುವುದನ್ನು ನೋಡಿ ಸುಮಂತ್ ತನ್ನ ದಪ್ಪ ಕೋಟು ಬಿಚ್ಚಿ ನನಗೆ ಹೊದಿಸಿದ.

"ನಿಂಗೆ?"

"ಇಟ್ಕೊಳ್ಳಿ ಆಂಟಿ. ಊರಿಗೂ ತಗೊಂಡು ಹೋಗಿ. ನಂಗೆ ಬೇಕಾಗಲ್ಲ."

ಕೋಟು ಒಳ್ಳೆಯದಿತ್ತು. ಒಳಗೆ ಉಣ್ಣೆ, ಹೊರಗೆ ನಾಲ್ಕು ಜೇಬು. ಅರೆಕೆರೆಯಲ್ಲಿ ಇದನ್ನು ಯಾವ ತಿಂಗಳಲ್ಲಿ ಹಾಕಿಕೊಳ್ಳಬಹುದು ಎಂದು ಲೆಕ್ಕ ಹಾಕುತ್ತಾ ಸಂತೋಷವಾಗಿಯೇ ತೊಟ್ಟುಕೊಂಡೆ. ಸಂಜೆ ಅವನು ತನ್ನ ಎಲೆಕ್ಟ್ರಿಕ್ ಕೆಟಲ್ ತಂದು ಡಾಕ್ಟರಿಗೆ ಕೊಟ್ಟ, ಕೋಣೆಯಲ್ಲಿ ಕಾಫಿ ಮಾಡಿಕೊಳ್ಳಲು. ಕೊಡೆ ನೋರಾಗೆ. ನಾನು ತಂದ ಚಟ್ನಿಪುಡಿ, ಕೋಡುಬಳೆಯ ಗಂಟನ್ನು ಮಾತ್ರ ಬಿಚ್ಚಲೇ ಇಲ್ಲ. "ನೀವೇ ಯಾರಿಗಾದ್ರೂ ಕೊಟ್ಬಿಡಿ ಆಂಟಿ," ಎಂದ. ಆಮೇಲೆ, "ಪಿಜಿಲಿ ಚೆನ್ನಾಗಿ ನೋಡ್ಕೊಂಡ್ರಿ ಆಂಟಿ. ಥ್ಯಾಂಕ್ಸ್ ಹೇಳೇ ಇರ್ಲಿಲ್ಲ," ಎಂದ.

ಪಿಜಿ ನಡೆಸುವವರಿಗೆ ಹುಡುಗರು ಥ್ಯಾಂಕ್ಸ್ ಹೇಳುವುದಿಲ್ಲ. ಅಡ್ವಾನ್ಸ್ ವಾಪಸ್ ಕೇಳುತ್ತಾರೆ.

ರೂಮು ಖಾಲಿ ಮಾಡುವ ಹುಡುಗ ಹೇಗಿರುತ್ತಾನೆ ಎಂದು ನನಗೆ ಗೊತ್ತು. ಬಕೆಟ್ಟು ಒಬ್ಬನಿಗೆ, ಹ್ಯಾಂಗರು ಒಬ್ಬನಿಗೆ, ಎಕ್ಸ್‌ಟೆನ್ಷನ್ ಬಾಕ್ಸು ಪಕ್ಕದ ರೂಮಿನವನಿಗೆ. ಎರಡು ದಿನ ಮೊದಲೇ ಅವನ ಕಣ್ಣು ಬೇರೆ ಕಡೆ ಹೋಗಿರುತ್ತದೆ. ಕೋಟನ್ನು ಮಂಚದ ಮೇಲೆ ಮಡಿಸಿಡುತ್ತಿದ್ದಾಗ ನನಗೆ ಹೊಳೆಯಿತು: ಇವನು ಖಾಲಿ ಮಾಡುತ್ತಿದ್ದಾನೆ. ಖಾಲಿ ಮಾಡಿ ಎಲ್ಲಿಗೆ ಹೋಗುವವನು? ಅಂಥ ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರಿಗೂ ಅನುಮಾನ ಬಂದಿತ್ತು. ಊಟದ ಹೊತ್ತಿನಲ್ಲಿ ಅವನು ಸೂಪನ್ನು ಕಲಕುತ್ತಲೇ ಇದ್ದುದನ್ನು ಅವರು ನೋಡಿದ್ದರು. ತಕ್ಷಣ ಕೆಳಗೆ ಹೋಗಿ, ಇನ್ನೂ ನೋರಾ ಜೊತೆ ಕೂತಿದ್ದ ಅವನನ್ನು ಪಕ್ಕಕ್ಕೆ ಕರೆದು ನೇರವಾಗಿ ಕೇಳಿ ಬಂದರು.

"ಇಲ್ಲ ಅಂದ. ತುಂಬಾ ಚೆನ್ನಾಗಿ ಇಂಗ್ಲಿಷಲ್ಲಿ, ನಗ್ತಾ ಹೇಳಿದ. ನಾನು ಕನ್ನಡದಲ್ಲಿ ಕೇಳಿದ್ರೂ ಇಂಗ್ಲಿಷಲ್ಲೇ ಉತ್ತರ. ನಾನು ಯಾರು, ಯಾಕೆ ಕೇಳ್ತೀನಿ ಅಂತ ಅವನಿಗೆ ಗೊತ್ತು," ಎಂದರು. ಬಾಗಿಲು ಮುಂದೆ ಮಾಡಿ, "ನಂಗೆ ಸಮಾಧಾನ ಇಲ್ಲ. ಇವತ್ತು ಅವನನ್ನ ಒಬ್ಬನೇ ಕಳ್ಸೋದು ಬೇಡ. ನೀವೂ ಒಂದ್ಸಲ ಕೇಳಿ," ಎಂದರು.

ನನ್ನ ನೆಗಡಿ ಉಪಯೋಗಕ್ಕೆ ಬಂತು. ಆಂಟಿಗೆ ಜ್ವರ, ಬೆಳಿಗ್ಗೆ ಸಮ್ಮೇಳನಕ್ಕೆ ಕರೆದೊಯ್ಯುವವರು ಬೇಕು, ಇಲ್ಲೇ ಮಲಗು ಎಂದೆವು. ಅವನು ಎರಡು ಸಲ ಬೇಡ ಎಂದ. ನೋರಾ ಮೂರನೇ ಸಲ ಕೇಳುವ ಮೊದಲೇ ಹಾಸಿಗೆ ಹಾಸಿದ್ದಳು.

ಬಸ್ಸಿನ ಮಹಡಿ

ಬೆಳಿಗ್ಗೆ ಡಾಕ್ಟರು ಮುಂಚೆಯೇ ಹೋದರು, ಫೋನನ್ನು ಕೈಯಲ್ಲೇ ಹಿಡಿದಿರುತ್ತೇನೆ ಎಂದು ಹೇಳಿ. ನಾನು, ಸುಮಂತ್ ಬಸ್ಸು ಹತ್ತಿ ಮೇಲಿನ ಮಹಡಿಯಲ್ಲಿ ಕೂತೆವು. ನನ್ನ ಕೈಚೀಲದಲ್ಲಿ ಹತ್ತು ನಿಮಿಷದ ಭಾಷಣ. ನೇರವಾಗಿ ಕೇಳುವುದು ಯಾಕೆ ಕಷ್ಟ ಎಂಬುದೇ ವಿಷಯ. ನಾಲ್ಕು ಸ್ಟಾಪ್ ದಾಟಿದರೂ ನನಗೆ ಬಾಯಿ ಬರಲಿಲ್ಲ.

ಕೊನೆಗೆ ಛತ್ರದಲ್ಲಿ ಕಲಿತದ್ದೇ ಬಂತು. "ಸುಮಂತ್, ಆರ್ ಯು ಥಿಂಕಿಂಗ್ ಆಫ್ ಸೂಯಿಸೈಡ್?"

"ನೋ ನೋ ಆಂಟಿ. ಐ ಯಾಮ್ ಫೈನ್."

ಮುಂದಿನ ಸೀಟಿನ ಮುದುಕ ಪೇಪರು ಮಡಿಸಿದ. ಪಕ್ಕದ ಸಾಲಿನ ಹೆಂಗಸು ಕಿವಿಯಿಂದ ಇಯರ್‌ಫೋನ್ ತೆಗೆದಳು. ಅಸ್ತು ದೇವತೆಗಳಿಗೆ ಇಂಗ್ಲಿಷ್ ಬರದಿರಬಹುದು, ಆ ಬಸ್ಸಿನವರಿಗೆಲ್ಲ ಬರುತ್ತಿತ್ತು. ಸುಮಂತನ ಕಿವಿ ಕೆಂಪಾಯಿತು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು, ಆದರೆ ನಾವಿದ್ದದ್ದು ಮಹಡಿಯಲ್ಲಿ.

"ಇಳಿ," ಎಂದೆ. ಅದು ನಮ್ಮ ಸ್ಟಾಪ್ ಆಗಿರಲಿಲ್ಲ. ನಾವು ಎದ್ದಾಗ ಆ ಮುದುಕ ಏನೂ ಹೇಳದೆ ಸುಮಂತನ ತೋಳನ್ನು ಒಂದು ಸಲ ಒತ್ತಿ ಬಿಟ್ಟ. ಇಳಿಯುವಾಗ ಅಲ್ಲಿ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಾವೂ ಹೇಳಿದೆವು.

ಒಂದು ಶಾಲೆಯ ಕಾಂಪೌಂಡಿನ ಪಕ್ಕ ಕಲ್ಲುಬೆಂಚು ಇತ್ತು. ಒದ್ದೆಯಾಗಿತ್ತು. ಕೂತೆವು. ಅವನ ಕೋಟು ನನ್ನ ಮೈಮೇಲಿತ್ತು, ಅವನು ಸ್ವೆಟರಿನಲ್ಲಿ ಮುದುರಿಕೊಂಡಿದ್ದ. ಒಳಗೆ ಮಕ್ಕಳು ಆಡುತ್ತಿದ್ದ ಸದ್ದು.

"ಸುಮಂತಾ, ಸಾಯ್ಬೇಕು ಅನ್ಸುತ್ತೇನಪ್ಪ ನಿಂಗೆ?"

ಹೇಳಿ ಮುಗಿಸುವಷ್ಟರಲ್ಲಿ 'ಬಿಡ್ತು' ನನ್ನ ನಾಲಗೆಯ ತುದಿಗೆ ಬಂದು ಕೂತಿತು. ಐವತ್ತು ವರ್ಷದ ಅಭ್ಯಾಸ. ಅದೊಂದು ಮಾತು ಅಂದಿದ್ದರೆ ಅವನೂ ಅನ್ನುತ್ತಿದ್ದ, ನಾವು ಮುಂದಿನ ಬಸ್ಸು ಹಿಡಿಯುತ್ತಿದ್ದೆವು. ಹಲ್ಲು ಕಚ್ಚಿ ನುಂಗಿದೆ. ಮೇಲೆ ಯಾರಾದರೂ ಕೇಳಿಸಿಕೊಂಡು ಅಸ್ತು ಎಂದರೆ ಅನ್ನಲಿ, ಆಮೇಲೆ ಅವರನ್ನು ವಿಚಾರಿಸಿಕೊಳ್ಳುತ್ತೇನೆ ಎಂದುಕೊಂಡೆ.

ಅವನು ಶೂವಿನ ತುದಿಯಿಂದ ಒದ್ದೆ ಎಲೆಯೊಂದನ್ನು ಸರಿಸಿದ.

"ಹೂಂ ಆಂಟಿ," ಎಂದ. "ಅನ್ಸುತ್ತೆ."

ಇದಾದ ಮೇಲೆ ಏನು ಹೇಳಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಒಂದಕ್ಷರ ನೆನಪಾಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಕಣೋ," ಎಂದೆ. ಕೋಟಿನ ಅರ್ಧವನ್ನು ಅವನಿಗೂ ಹೊದಿಸಿದೆ. "ಎಷ್ಟ್ ದಿನದಿಂದ?"

ಚಳಿ ಶುರುವಾದಾಗಿನಿಂದ ಎಂದ. ಆಮೇಲೆ ಬಂತು, ತುಂಡುತುಂಡಾಗಿ. ನಿದ್ದೆ ಹೋಯಿತು, ಓದಿದ್ದು ತಲೆಗೆ ಹತ್ತಲಿಲ್ಲ, ಒಂದು ದಿನ ಕ್ಲಾಸಿಗೆ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಹೋಗುವುದನ್ನೇ ಬಿಟ್ಟು ತಿಂಗಳುಗಳಾಗಿದ್ದವು. ಪ್ರತಿ ಭಾನುವಾರ ಅಮ್ಮನಿಗೆ ವೀಡಿಯೋ ಕಾಲ್ ಮಾಡಲು ಯೂನಿವರ್ಸಿಟಿಯ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದ, ಹಿಂದೆ ಗೇಟು ಕಾಣಲಿ ಎಂದು.

"ಅಮ್ಮ ಪ್ರತಿಸಲ ಗೇಟ್ ಚೆನ್ನಾಗಿದೆ ಅಂತಾರೆ ಆಂಟಿ," ಎಂದ. ನನಗೆ ಅಳು ತಡೆಯಲಾಗಲಿಲ್ಲ. ಇಬ್ಬರೂ ಒದ್ದೆ ಬೆಂಚಿನ ಮೇಲೆ ಕೂತು ಅತ್ತೆವು. ದಾರಿಹೋಕರು ಯಾರೂ ನಿಂತು ನೋಡಲಿಲ್ಲ. ನಮ್ಮೂರಲ್ಲಾಗಿದ್ದರೆ ಹತ್ತು ಜನ ಸೇರಿ ಪಂಚಾಯಿತಿ ಮಾಡುತ್ತಿದ್ದರು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಅಲ್ಲಿಂದ ಎದ್ದು ಹೊರಟರು, ಅಲ್ಲಿನ ವೈದ್ಯರೊಬ್ಬರನ್ನು ಕೇಳಿ ಎಲ್ಲಿಗೆ ಕರೆದೊಯ್ಯಬೇಕೆಂದು ತಿಳಿದುಕೊಂಡರು, ನೋರಾಗೂ ಫೋನ್ ಮಾಡಿದರು. ನಮ್ಮ ಹತ್ತು ನಿಮಿಷವನ್ನು ಸಮ್ಮೇಳನದವರು ಟೀಗೆ ಸೇರಿಸಿದರಂತೆ.

ನೋರಾ ಏಪ್ರನ್ ಕೂಡ ಬಿಚ್ಚದೆ ಕಾರು ತಂದಳು. ಸ್ವಲ್ಪ ದೂರ ಹೋದಮೇಲೆ, ಕನ್ನಡಿಯಲ್ಲಿ ಸುಮಂತನನ್ನು ನೋಡಿ ಹೇಳಿದಳು: "ನನ್ನ ತಮ್ಮ ಯಾರಿಗೂ ಹೇಳಲಿಲ್ಲ ಮಗು. ನೀನು ಹೇಳಿದೆಯಲ್ಲ, ನನಗೆ ಅಷ್ಟು ಸಂತೋಷ." ರೇಡಿಯೋದ ಹೆಸರುಗಳಿಗೆಲ್ಲ ಸರಾಗವಾಗಿ ಓಡುತ್ತಿದ್ದ ಅವಳ ಮಾತು ಅಲ್ಲಿ ನಿಂತಿತು. ಆಸ್ಪತ್ರೆಯ ಬಾಗಿಲಿಗೆ ಕಾರು ತಂದು ನಿಲ್ಲಿಸಿದಳು, ಡಾಕ್ಟರು ಅಲ್ಲಿ ಕಾಯುತ್ತಿದ್ದರು.

ಒಳಗಿನ ಕೋಣೆ

ಓದುಗರು ಗಾಬರಿಯಾಗುವುದು ಬೇಡ. ಅವನಿಗೆ ಚಿಕಿತ್ಸೆ ನಡೆಯಿತು. ವಿಷಯ ತಿಳಿದ ಅವನ ಅಮ್ಮ ಶಾಲೆಗೆ ರಜೆ ಹಾಕಿ ಬಂದು ಕೆಲವು ತಿಂಗಳು ಜೊತೆಗಿದ್ದರು. ಈಗ ಅವನು ಆರಾಮಾಗಿದ್ದಾನೆ, ಎರಡೂ ಭಾಷೆಯಲ್ಲಿ. ಇದನ್ನು ಬರೆಯಲು ಒಪ್ಪಿದವನೂ ಅವನೇ. ಹೆಸರು, ಊರು ಬದಲಿಸಿದ್ದೇನೆ. ಕೋಡುಬಳೆ ತಿನ್ನದೆ ಇದ್ದದ್ದನ್ನು ಬರೆಯಬೇಡಿ, ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಎಂದ. ಅದನ್ನು ಮಾತ್ರ ಕೇಳಲಿಲ್ಲ.

ಆ ದಿನ ಆಸ್ಪತ್ರೆಯಲ್ಲಿ, ಒಳಗೆ ಜೊತೆಗೆ ಯಾರಾದರೂ ಬೇಕೇ ಎಂದು ನರ್ಸ್ ಅವನನ್ನು ಕೇಳಿದಳು. ಆಂಟಿ ಬರಲಿ ಎಂದ. "ನೀವು ಹೋಗಿ ಭಾಗ್ಯಮ್ಮ, ನಾನು ಇಲ್ಲೇ ಇರ್ತೀನಿ. ಈ ದೇಶದಲ್ಲಿ ನಾನು ಬರೀ ಟೂರಿಸ್ಟು," ಎಂದು ಡಾಕ್ಟರು ಹೊರಗೆ ಕೂತರು.

"ನೀವು ಇವರಿಗೆ ಏನಾಗಬೇಕು?" ನರ್ಸ್ ನನ್ನನ್ನು ಕೇಳಿದಳು.

"ಆಂಟಿ."

"ತಾಯಿಯ ಕಡೆಯೋ, ತಂದೆಯ ಕಡೆಯೋ?"

ಪಿಜಿ ಕಡೆ ಎನ್ನುವುದಕ್ಕೆ ನನ್ನ ಇಂಗ್ಲಿಷ್ ಸಾಲಲಿಲ್ಲ. "ಎರಡೂ ಕಡೆ," ಎಂದೆ.

ಅವಳು ಮೆತ್ತಗೆ, ಬೇಕಾದ್ದನ್ನೆಲ್ಲ ಕೇಳಿದಳು. ಸುಮಂತ್ ಬೆನ್ನು ನೆಟ್ಟಗೆ ಮಾಡಿಕೊಂಡು, ವಾರ್ತೆ ಓದುವವರ ಇಂಗ್ಲಿಷಿನಲ್ಲಿ, ಸ್ವಲ್ಪ ಒತ್ತಡವಿತ್ತು, ಈಗ ಪರವಾಗಿಲ್ಲ, ನಿಮಗೆಲ್ಲ ತೊಂದರೆ ಕೊಟ್ಟೆ, ಕ್ಷಮಿಸಿ ಎಂದ. ಅವಳು ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದಳು.

"ಮೇಡಂ," ಎಂದೆ. "ಇವನು ಇಂಗ್ಲಿಷಿನಲ್ಲಿ ಆರಾಮಾಗಿದ್ದಾನೆ. ಕನ್ನಡದಲ್ಲಿ ಆರಾಮಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಫೋನಿನಲ್ಲಿ ಭಾಷಾಂತರ ಮಾಡುವವರನ್ನು ಹುಡುಕಿಸಿದಳು. ಹಿಂದಿಯವರಿದ್ದರು, ತಮಿಳಿನವರಿದ್ದರು, ಕನ್ನಡದವರು ನಾಳೆ ಸಿಗುತ್ತಾರಂತೆ. ಕೊನೆಗೆ ಅವನ ಒಪ್ಪಿಗೆ ಕೇಳಿ, ಸದ್ಯಕ್ಕೆ ಆ ಕೆಲಸವನ್ನು ನನಗೇ ಕೊಟ್ಟಳು. ಒಂದೇ ನಿಯಮ. "ಅವನು ಹೀಗೆ ಹೇಳುತ್ತಿದ್ದಾನೆ ಅನ್ನಬೇಡಿ. ಅವನು 'ನಾನು' ಅಂದರೆ ನೀವೂ 'ನಾನು' ಅನ್ನಿ. ಏನೂ ಸೇರಿಸಬೇಡಿ, ಬಿಡಬೇಡಿ."

ಹೀಗೆ, ಅಪಶಕುನದ ಮಾತಿಗೆ ಮನೆಯಲ್ಲಿ ಎಲ್ಲರನ್ನೂ ಗದರುತ್ತಿದ್ದ ನಾನು, ಆ ಕೋಣೆಯಲ್ಲಿ ಕೂತು, ನನಗೆ ಬದುಕಬೇಕು ಅನ್ನಿಸುತ್ತಿಲ್ಲ, ನನಗೆ ನಾಚಿಕೆಯಾಗುತ್ತದೆ, ಅಮ್ಮನಿಗೆ ಹೇಳಲು ನನಗೆ ಧೈರ್ಯವಿಲ್ಲ ಎಂದು ಒಂದೊಂದಾಗಿ ನನ್ನ ಬಾಯಿಂದಲೇ ಹೇಳಿದೆ. ಅವನು ಕನ್ನಡದಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ನಾನು ಅರೆಕೆರೆಯ ಇಂಗ್ಲಿಷಿನಲ್ಲಿ, ಅಷ್ಟೇ ತಗ್ಗಿದ ದನಿಯಲ್ಲಿ. ನಡುವೆ ಒಮ್ಮೆ ನರ್ಸ್ ನೀರು ಕೊಟ್ಟಳು, ಇಬ್ಬರಿಗೂ.

ಆಮೇಲೆ ಅವಳು ಕೇಳಿದಳು: "ಇಷ್ಟು ಕಷ್ಟ ಇದ್ದರೂ ಈ ವಾರ ತಡೆದುಕೊಂಡಿದ್ದೀಯ. ಯಾವುದು ನಿನ್ನನ್ನು ತಡೆದು ನಿಲ್ಲಿಸಿತು?"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಸುಮಂತ್ ಬೆರಳು ಮಡಿಸುತ್ತಾ, ನನ್ನ ಕಡೆ ನೋಡದೆ ಉತ್ತರ ಕೊಟ್ಟ.

"ಅಮ್ಮ ಫೋನ್ ಮಾಡಿ ಆಂಟಿ ಬರ್ತಿದಾರೆ ಅಂದ್ರು. ಆಂಟಿಗೆ ಇಲ್ಲಿ ಏನೂ ಗೊತ್ತಾಗಲ್ಲ, ಕರ್ಕೊಂಡು ಓಡಾಡೋಕೆ ಯಾರೂ ಇಲ್ಲ. ಅವ್ರು ವಾಪಸ್ ಹೋಗೋವರ್ಗೂ ಇರೋಣ ಅಂದ್ಕೊಂಡೆ."

ಏನೂ ಬಿಡಬಾರದು ಎಂಬ ನಿಯಮವಿತ್ತು. ನೀರು ಕುಡಿದು, ಇಂಗ್ಲಿಷಿನಲ್ಲಿ ಹೇಳಿದೆ: "ಆಂಟಿ ಬರುತ್ತಿದ್ದರು. ಅವರಿಗೆ ಇಲ್ಲಿ ಏನೂ ಗೊತ್ತಾಗುವುದಿಲ್ಲ. ಅವರು ವಾಪಸ್ ಹೋಗುವವರೆಗೂ ನಾನು ಇರೋಣ ಎಂದುಕೊಂಡೆ."

ನರ್ಸ್ ಬರೆಯಲಿಲ್ಲ. ಇಬ್ಬರನ್ನೂ ನೋಡಿ, "ಆಂಟಿ ವಾಪಸ್ ಹೋಗುವುದು ಯಾವಾಗ?" ಎಂದು ಕೇಳಿದಳು.

ನನ್ನ ವಿಮಾನ ನಾಡಿದ್ದಿತ್ತು. ಅದರಲ್ಲಿ ಕಿಟಕಿ ಪಕ್ಕದ ಸೀಟನ್ನು ನನಗೆ ಆರಿಸಿಕೊಟ್ಟಿದ್ದವನು ಸುಮಂತನೇ. ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಇನ್ನೂ ಟಿಕೆಟ್ ಮಾಡ್ಸಿಲ್ಲ," ಎಂದೆ, ಅವನಿಗೆ, ಕನ್ನಡದಲ್ಲಿ. ಆಮೇಲೆ ಅದನ್ನೇ ನರ್ಸಿಗೆ ಇಂಗ್ಲಿಷಿನಲ್ಲಿ ಹೇಳಿದೆ.